ಮರ ಹಬ್ಬುತ್ತಿದೆ ಎಂದರೆ ಬರವನ್ನು ಗೆದ್ದಿದೆ ಎಂದಲ್ಲ

ಮರಗಳ ಬಗ್ಗೆ ಈಗ ಎರಡು ಬಗೆಯ ಸುದ್ದಿ ಒಟ್ಟೊಟ್ಟಿಗೇ ಓದಲು ಸಿಗುತ್ತಿವೆ. ಮೊದಲನೆಯದು ಸಾವಿನ ಸುದ್ದಿ. 2011ರ ಬರಕ್ಕೆ ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಸುಮಾರು 30 ಕೋಟಿ ಮರಗಳು ಒಣಗಿಹೋದವು. ಅದರ ಬೆನ್ನಿಗೇ, 2012ರಿಂದ 2016ರವರೆಗಿನ ಬರದಲ್ಲಿ ಕ್ಯಾಲಿಫೋರ್ನಿಯಾ 10 ಕೋಟಿಗೂ ಜಾಸ್ತಿ ಮರಗಳನ್ನು ಕಳೆದುಕೊಂಡಿತು. ಎರಡನೆಯ ಸುದ್ದಿ ಇದಕ್ಕೆ ಪೂರ್ತಿ ಉಲ್ಟಾ. ಕಾಡಿಗಿಂತ ಒಣದಾದ ಬಯಲುಗಳಲ್ಲಿ, ಬಹುಕಾಲದಿಂದ ಹುಲ್ಲೇ ಆಳುತ್ತಿದ್ದ ಜಾಗಗಳಲ್ಲಿ, ಮರ ಮತ್ತು ಪೊದೆಗಳು ಮುಂದೆ ಮುಂದೆ ಸರಿಯುತ್ತಿವೆ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಸಾರಿದೆ. ಆ ನೆಪದಲ್ಲಾದರೂ ಈ ಎರಡನೆಯ ಸುದ್ದಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಓದಿದವರಿಗೆ ಗೊಂದಲ ಆಗುವುದು ಸಹಜ. ಕಾಡಿನಲ್ಲೇ ಮರ ಬಾಯಾರಿ ಸಾಯುತ್ತಿದ್ದರೆ, ಅದಕ್ಕಿಂತ ಒಣ ನೆಲದಲ್ಲಿ ಅದು ಬದುಕುವುದು ಹೇಗೆ? ಮರಗಳು ಬರಕ್ಕೆ ಒಗ್ಗಿಕೊಂಡುಬಿಟ್ಟವಾ? ಟೆಕ್ಸಸ್‌ನ ಕಥೆಯಂತೂ ಇನ್ನೂ ವಿಚಿತ್ರ. ಅಷ್ಟು ಮರ ಸತ್ತ ಅದೇ ರಾಜ್ಯದ ಹುಲ್ಲುಗಾವಲುಗಳಲ್ಲಿ ಜೂನಿಪರ್ ಮತ್ತು ಮೆಸ್ಕೀಟ್ ಮರಗಳು ದಶಕಗಳಿಂದ ಹಬ್ಬುತ್ತಲೇ ಇವೆ.

ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. ಮರ ಅಲ್ಲಿಗೆ ಬಂದದ್ದು ಹೇಗೆ ಎಂಬುದು ಒಂದು. ಬಂದ ಮೇಲೆ ನೀರಿಲ್ಲದೆ ಸಂಭಾಳಿಸುತ್ತಿರುವುದು ಹೇಗೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಬರದ ಜೊತೆ ಅಷ್ಟೇನೂ ಸಂಬಂಧ ಇಲ್ಲ.

ಬಾಗಿಲು ತೆರೆದವರು ಯಾರು

ಹುಲ್ಲುಗಾವಲಿನಲ್ಲಿ ಮರ ಇಲ್ಲ ಎಂದರೆ ಅಲ್ಲಿ ಮರ ಬೆಳೆಯುವುದಿಲ್ಲ ಎಂದೇ ಅನೇಕರು ತಿಳಿಯುತ್ತಾರೆ. ಬಹಳಷ್ಟು ಕಡೆ ಇದು ತಪ್ಪು. ಆಫ್ರಿಕಾದ 854 ಜಾಗಗಳ ಲೆಕ್ಕ ಒಟ್ಟು ಮಾಡಿ 2005ರಲ್ಲಿ ಬಂದ ಒಂದು ಅಧ್ಯಯನ ಒಂದು ಗಡಿಯನ್ನು ಗುರುತಿಸಿತು. ವರ್ಷಕ್ಕೆ ಸುಮಾರು 650 ಮಿಲಿಮೀಟರ್‌ಗಿಂತ ಕಡಿಮೆ ಮಳೆ ಬೀಳುವಲ್ಲಿ ಎಷ್ಟು ಮರ ಇರಬಹುದು ಎಂಬುದಕ್ಕೆ ನೀರೇ ಮಿತಿ ಹಾಕುತ್ತದೆ. ಅದಕ್ಕಿಂತ ಜಾಸ್ತಿ ಮಳೆ ಇರುವಲ್ಲಿ ಮರಗಳು ದಟ್ಟವಾಗಿ ಮುಚ್ಚಿಕೊಳ್ಳುವಷ್ಟು ನೀರು ಇದೆ. ಆದರೂ ಅಲ್ಲಿ ಹುಲ್ಲು ಉಳಿದಿದೆ ಎಂದರೆ ಬೆಂಕಿ ಮತ್ತು ಮೇಯುವ ಪ್ರಾಣಿಗಳು ಮರವನ್ನು ತಡೆದಿವೆ ಎಂದರ್ಥ.

ಬೆಂಕಿ ತಡೆಯುವ ರೀತಿ ಸರಳ. ಹುಲ್ಲಿನ ಬೆಳೆಯುವ ತುದಿ ನೆಲಮಟ್ಟದಲ್ಲಿ ಅಥವಾ ಅದರ ಕೆಳಗೆ ಇರುತ್ತದೆ. ಮೇಲಿನದೆಲ್ಲ ಸುಟ್ಟರೂ ಕೆಲವೇ ವಾರಗಳಲ್ಲಿ ಚಿಗುರುತ್ತದೆ. ಮರದ ಸಸಿ ತನ್ನ ಎಲ್ಲ ಸಂಪತ್ತನ್ನೂ ಕಾಂಡದಲ್ಲಿ ಮೇಲಕ್ಕೆ ಹಿಡಿದು ನಿಂತಿರುತ್ತದೆ. ಜ್ವಾಲೆಯ ಎತ್ತರ ದಾಟುವವರೆಗೆ ಪ್ರತಿ ಬೆಂಕಿಯೂ ಅದನ್ನು ಕೊಲ್ಲುತ್ತದೆ, ಇಲ್ಲವೇ ಬುಡಕ್ಕೆ ಇಳಿಸುತ್ತದೆ.

ಈ ಕಾವಲು ಸಡಿಲವಾದದ್ದು ಮನುಷ್ಯನಿಂದ. ಬೆಂಕಿ ನಂದಿಸುವುದನ್ನು ಸರ್ಕಾರಗಳು ಕರ್ತವ್ಯ ಮಾಡಿಕೊಂಡವು. ಅತಿಯಾಗಿ ದನ ಮೇಯಿಸಿದ ಕಡೆ ಬೆಂಕಿ ಹರಡಲು ಬೇಕಾದ ಒಣ ಹುಲ್ಲೇ ಉಳಿಯಲಿಲ್ಲ. ಅಮೆರಿಕದ ಕಾನ್ಸಸ್ ರಾಜ್ಯದ ಕಾನ್ಜಾ ಹುಲ್ಲುಗಾವಲಿನಲ್ಲಿ 1970ರ ದಶಕದಿಂದ ಇದನ್ನು ಪ್ರಯೋಗ ಮಾಡಿಯೇ ನೋಡುತ್ತಿದ್ದಾರೆ. ಕೆಲವು ಭಾಗಕ್ಕೆ ಪ್ರತಿ ವರ್ಷ ಬೆಂಕಿ, ಕೆಲವಕ್ಕೆ ನಾಲ್ಕು ವರ್ಷಕ್ಕೊಮ್ಮೆ, ಕೆಲವಕ್ಕೆ ಇಪ್ಪತ್ತು ವರ್ಷಕ್ಕೊಮ್ಮೆ. ಮಳೆ ಒಂದೇ, ಬರವೂ ಒಂದೇ. ಪ್ರತಿ ವರ್ಷ ಸುಟ್ಟ ಜಾಗ ಇವತ್ತಿಗೂ ಹುಲ್ಲುಗಾವಲು. ನಾಲ್ಕು ವರ್ಷಕ್ಕೊಮ್ಮೆ ಸುಟ್ಟಲ್ಲಿ ಪೊದೆಗಳು ಬಂದು ಕೂತಿವೆ. ಇಪ್ಪತ್ತರ ಜಾಗದಲ್ಲಿ ಮರವೇ ಬಂದಿದೆ.

ಇನ್ನು ಕೆಲವು ಕಡೆ ಬಾಗಿಲು ತೆರೆದದ್ದಷ್ಟೇ ಅಲ್ಲ, ಕೈ ಹಿಡಿದು ಒಳಗೆ ಕರೆದದ್ದೂ ಇದೆ. 1930ರ ದಶಕದ ಧೂಳು ಬಿರುಗಾಳಿಗಳ ನಂತರ ಅಮೆರಿಕ ತನ್ನ ಮಧ್ಯದ ಬಯಲುಗಳಲ್ಲಿ ಗಾಳಿ ತಡೆಯಲು ಸುಮಾರು 22 ಕೋಟಿ ಮರ ನೆಟ್ಟಿತು. ಅವುಗಳಲ್ಲಿ ಪೂರ್ವದ ಕೆಂಪು ಸೀಡರ್ ಒಂದು. ಹೆಸರು ಸೀಡರ್, ಜಾತಿ ಮಾತ್ರ ಜೂನಿಪರ್. ಹಕ್ಕಿಗಳು ಇದರ ಹಣ್ಣಿನಂಥ ಕಾಯಿ ತಿಂದು ಬೇಲಿಯ ಮೇಲೆ ಕೂತು ಬೀಜ ಉದುರಿಸುತ್ತವೆ. ಈಗ ಹುಲ್ಲುಗಾವಲಿನ ದೊಡ್ಡ ತಲೆನೋವು ಅದೇ. ಕಛ್‌ನ ಬನ್ನಿ ಹುಲ್ಲುಗಾವಲಿನಲ್ಲೂ ಕಥೆ ಹೆಚ್ಚುಕಡಿಮೆ ಇಷ್ಟೇ. ಉಪ್ಪಿನ ಮರುಭೂಮಿ ಹರಡದಿರಲಿ ಎಂದು 1960ರ ದಶಕದಲ್ಲಿ ಬಳ್ಳಾರಿ ಜಾಲಿ ನೆಟ್ಟರು. ಅಲ್ಲಿನ ಜನ ಅದನ್ನು ಹುಚ್ಚು ಜಾಲಿ ಎನ್ನುತ್ತಾರೆ. ಸುಮ್ನೆ ಇಟ್ಟ ಹೆಸರಲ್ಲ.

ಗಾಳಿಯಲ್ಲಿನ ಇಂಗಾಲದ ಪಾತ್ರ

ಬೆಂಕಿ ಮತ್ತು ಮೇವಿನ ಲೆಕ್ಕ ಸರಿ ಇರುವ ಕಡೆಯೂ ಮರ ಹಬ್ಬಿದೆ. ಹಾಗಾಗಿ ಇನ್ನೊಂದು ಕಾರಣವನ್ನೂ ಮುಂದಿಡುತ್ತಾರೆ. ಕೈಗಾರಿಕೆ ಶುರುವಾಗುವ ಮೊದಲು ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷದಲ್ಲಿ ಸುಮಾರು 280 ಪಾಲು ಇತ್ತು. ಈಗ 420 ದಾಟಿದೆ. ಎಲೆಗೆ ಬೇಕಾದ ಅನಿಲ ಜಾಸ್ತಿ ಇದ್ದರೆ ಎಲೆಯ ರಂಧ್ರಗಳನ್ನು ಅಷ್ಟು ಅಗಲವಾಗಿ ತೆರೆಯಬೇಕಿಲ್ಲ. ನೀರು ಉಳಿಯುತ್ತದೆ. ಬಿಸಿಲ ನಾಡಿನ ಹುಲ್ಲುಗಳು ಈ ಅನಿಲವನ್ನು ಒಳಗೇ ಸಾಂದ್ರಗೊಳಿಸುವ ತಂತ್ರವನ್ನು ಮೊದಲೇ ಹೊಂದಿವೆ. ಅವಕ್ಕೆ ಇದರಿಂದ ಸಿಗುವ ಲಾಭ ಕಡಿಮೆ, ಮರಕ್ಕೆ ಜಾಸ್ತಿ.

ವಾದ ಚೆನ್ನಾಗಿದೆ. ಆದರೆ ಕಣ್ಣು ಮುಚ್ಚಿ ಒಪ್ಪುವ ಹಾಗಿಲ್ಲ. ಅಮೆರಿಕದ ಮಿನ್ನೆಸೋಟಾದಲ್ಲಿ 20 ವರ್ಷ ನಡೆದ ಪ್ರಯೋಗವೊಂದರಲ್ಲಿ ಬರೀ ಹುಲ್ಲುಗಳ ಮೇಲೆ ಹೆಚ್ಚುವರಿ ಅನಿಲ ಬಿಟ್ಟು ನೋಡಿದರು. ಮೊದಲ 12 ವರ್ಷ ಆ ತಂತ್ರ ಇಲ್ಲದ ಹುಲ್ಲುಗಳು ಮುಂದಿದ್ದವು. ಕೊನೆಯ ಎಂಟು ವರ್ಷ ಲೆಕ್ಕ ತಿರುಗಿ, ಬಿಸಿಲ ನಾಡಿನ ಹುಲ್ಲುಗಳೇ ಜಾಸ್ತಿ ಬೆಳೆದವು. ಅಂದರೆ ಐದಾರು ವರ್ಷದ ಪ್ರಯೋಗ ನೋಡಿ ಮರಕ್ಕೇ ಗೆಲುವು ಎಂದು ಬರೆದುಬಿಡುವುದು ಅವಸರ.

ನೀರಿನ ಎಳೆ ಹರಿದಾಗ

ಈಗ ಎರಡನೆಯ ಪ್ರಶ್ನೆಗೆ ಬರೋಣ. ಬಂದ ಮರ ಬದುಕುವುದು ಹೇಗೆ?

ಮರಕ್ಕೆ ಪಂಪು ಇಲ್ಲ. ಎಲೆಯಿಂದ ನೀರು ಆವಿಯಾಗುವಾಗ ಉಂಟಾಗುವ ಸೆಳೆತವೇ ಬೇರಿನಿಂದ ನೀರನ್ನು ಮೇಲಕ್ಕೆ ಎಳೆಯುತ್ತದೆ. ಕಾಂಡದೊಳಗಿನ ಸಣ್ಣ ಕೊಳವೆಗಳಲ್ಲಿ ನೀರು ಎಳೆದು ಕಟ್ಟಿದ ದಾರದ ಹಾಗೆ ನಿಂತಿರುತ್ತದೆ. ಮಣ್ಣು ಒಣಗಿದಷ್ಟೂ ನೀರು ಬಿಟ್ಟುಕೊಡಲು ಅದು ಹಟ ಮಾಡುತ್ತದೆ, ಸೆಳೆತ ಏರುತ್ತದೆ. ಒಂದು ಹಂತ ದಾಟಿದರೆ ಪಕ್ಕದಿಂದ ಗಾಳಿ ನುಗ್ಗಿ ದಾರ ತುಂಡಾಗುತ್ತದೆ. ಗಾಳಿ ಸಿಕ್ಕಿದ ಕೊಳವೆಯಲ್ಲಿ ನೀರು ಸಾಗುವುದಿಲ್ಲ. ಅದರ ಹೊರೆ ಪಕ್ಕದ ಕೊಳವೆಗಳ ಮೇಲೆ ಬೀಳುತ್ತದೆ, ಅವೂ ಒಂದೊಂದಾಗಿ ಕೈಕೊಡುತ್ತವೆ.

ಇದನ್ನು ತಪ್ಪಿಸಲು ಮರ ಎಲೆಯ ರಂಧ್ರಗಳನ್ನು ಮುಚ್ಚಬಹುದು. ಆದರೆ ನೀರು ಹೊರಹೋಗುವ ಬಾಗಿಲೂ ಇಂಗಾಲ ಒಳಬರುವ ಬಾಗಿಲೂ ಒಂದೇ. ಮುಚ್ಚಿದರೆ ಹಸಿವು, ತೆರೆದರೆ ಬಾಯಾರಿಕೆ. ಅತ್ತ ದರಿ, ಇತ್ತ ಪುಲಿ.

ಈ ಇಕ್ಕಟ್ಟಿಗೆ ಎಲ್ಲ ಮರಗಳದ್ದೂ ಒಂದೇ ಉತ್ತರ ಅಲ್ಲ. ಅಮೆರಿಕದ ನೈಋತ್ಯ ಭಾಗದಲ್ಲಿ ಪಿನಿಯನ್ ಪೈನ್ ಮತ್ತು ಜೂನಿಪರ್ ಅಕ್ಕಪಕ್ಕದಲ್ಲೇ ಬೆಳೆಯುತ್ತವೆ. ಪಿನಿಯನ್ ಜಾಗರೂಕ ಸ್ವಭಾವದ್ದು. ಮಣ್ಣು ಒಣಗುವ ಸುಳಿವು ಸಿಕ್ಕಿದರೆ ಸಾಕು, ಬೇಗ ಬಾಗಿಲು ಹಾಕುತ್ತದೆ. ಜೂನಿಪರ್ ಹಾಗಲ್ಲ, ಬರ ಬಿಗಿಯುತ್ತಿದ್ದರೂ ಬಹಳ ಹೊತ್ತು ತೆರೆದೇ ಇಟ್ಟುಕೊಂಡು ಬೆಳಕನ್ನು ಊಟ ಮಾಡುತ್ತದೆ. 2002–03ರ ಬರದಲ್ಲಿ ಇವೆರಡಕ್ಕೂ ಪರೀಕ್ಷೆ ಬಂತು. ಎಚ್ಚರದ ಮರ ಉಳಿಯಬೇಕಿತ್ತು, ಅಲ್ವಾ? ಆದದ್ದು ಬೇರೆ. ಒಂದು ಅಧ್ಯಯನ ಜಾಗದಲ್ಲಿ ಶೇ. 90ಕ್ಕೂ ಹೆಚ್ಚು ಪಿನಿಯನ್ ಸತ್ತವು. ಜೂನಿಪರ್ ಬಹುಪಾಲು ಉಳಿಯಿತು.

ಬಾಗಿಲು ಹಾಕಿಕೊಂಡ ಪಿನಿಯನ್ ತಿಂಗಳುಗಟ್ಟಲೆ ಉಪವಾಸ ಬಿತ್ತು. ತೊಗಟೆ ಕೊರೆಯುವ ದುಂಬಿಗಳು ಬಂದಾಗ ತಡೆಯಲು ಬೇಕಾದ ಅಂಟನ್ನು ಸುರಿಸುವ ಶಕ್ತಿ ಅದಕ್ಕೆ ಉಳಿದಿರಲಿಲ್ಲ. ಹಸಿವಿನಿಂದ ಸತ್ತಿತೋ, ಬಾಯಾರಿಕೆಯಿಂದಲೋ, ಎರಡೂ ಸೇರಿಯೋ ಎಂಬ ಚರ್ಚೆ ವಿಜ್ಞಾನಿಗಳ ನಡುವೆ ಇನ್ನೂ ನಡೆದಿದೆ. ಜೂನಿಪರ್ ಧೈರ್ಯ ಮಾಡಿದ್ದು ಅದರ ಕೊಳವೆಗಳ ಬಲದ ಮೇಲೆ. ಅವು ಕಿರಿದು, ಗೋಡೆ ದಪ್ಪ, ಗಾಳಿ ನುಗ್ಗುವುದು ಕಷ್ಟ. ಈ ಗುಣದ ತುತ್ತತುದಿ ನೋಡಬೇಕಾದರೆ ಆಸ್ಟ್ರೇಲಿಯಾದ ಕ್ಯಾಲಿಟ್ರಿಸ್ ಮರಗಳನ್ನು ನೋಡಬೇಕು. ಅದರ ಒಂದು ಜಾತಿಯಲ್ಲಿ ಅರ್ಧದಷ್ಟು ಸಾಗಾಟ ನಿಲ್ಲಬೇಕಾದರೆ ಸೆಳೆತ ಸುಮಾರು 19 ಮೆಗಾಪ್ಯಾಸ್ಕಲ್ ತಲುಪಬೇಕು. ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 190 ಪಟ್ಟು ಅದು.

ಇಷ್ಟು ಗಟ್ಟಿತನ ಪುಕ್ಕಟೆ ಬರುವುದಿಲ್ಲ. ದಪ್ಪ ಗೋಡೆ ಕಟ್ಟಲು ಇಂಗಾಲ ಬೇಕು. ಕಿರಿದಾದ ಕೊಳವೆಯಲ್ಲಿ ನೀರು ನಿಧಾನ. ಬೆಳವಣಿಗೆಯೂ ನಿಧಾನ. ಮಳೆ ಚೆನ್ನಾಗಿರುವ ಕಾಡಿನಲ್ಲಿ ಇಂಥ ಮರಗಳು ಸರಸರನೆ ಬೆಳೆಯುವವರ ನೆರಳಿಗೆ ಸಿಕ್ಕಿ ಹಿಂದೆ ಬೀಳುತ್ತವೆ.

ಬೇರಿನ ಲೆಕ್ಕ

ಒಣ ನಾಡಿನ ಮರ ಎಂದ ಕೂಡಲೇ ಆಳದ ಬೇರಿನ ಮಾತು ಬರುತ್ತದೆ. ದಾಖಲೆಗಳೇನೋ ಬೆರಗು ಹುಟ್ಟಿಸುತ್ತವೆ. ಆಫ್ರಿಕಾದ ಕಲಹರಿ ಮರುಭೂಮಿಯಲ್ಲಿ ಶೆಪರ್ಡ್ ಮರದ ಬೇರು 68 ಮೀಟರ್ ಆಳದಲ್ಲಿ ಸಿಕ್ಕಿದೆ. ಅರಿಜೋನಾದ ಒಂದು ತೆರೆದ ಗಣಿಯಲ್ಲಿ ಮೆಸ್ಕೀಟ್ ಬೇರು 53 ಮೀಟರ್ ಆಳದಲ್ಲಿ ಕಂಡಿತು. ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿ ಈ ಮೆಸ್ಕೀಟ್.

ಆದರೆ ಬೇರು ಎಲ್ಲಿಯವರೆಗೆ ಇಳಿದಿದೆ ಎಂಬುದೂ ನೀರು ಎಲ್ಲಿಂದ ಬರುತ್ತಿದೆ ಎಂಬುದೂ ಬೇರೆ ಬೇರೆ. ಇದನ್ನು ಕಾನ್ಜಾದಲ್ಲಿ ಚೆನ್ನಾಗಿ ತೋರಿಸಿದ್ದಾರೆ. ಮೇಲ್ಮಣ್ಣಿನ ನೀರಿಗೂ ಆಳದ ನೀರಿಗೂ ಆಮ್ಲಜನಕ ಮತ್ತು ಜಲಜನಕದ ಐಸೋಟೋಪ್‌ಗಳ (ಒಂದೇ ಧಾತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳ) ಪ್ರಮಾಣದಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ. ಕಾಂಡದೊಳಗಿನ ನೀರನ್ನು ಪರೀಕ್ಷಿಸಿದರೆ ಅದು ಯಾವ ಆಳದ್ದೆಂದು ಗೊತ್ತಾಗುತ್ತದೆ. ಅಲ್ಲಿನ ಎತ್ತರದ ಹುಲ್ಲುಗಳ ಬೇರು ಎರಡು ಮೀಟರ್‌ಗೂ ಕೆಳಗೆ ಹೋಗುತ್ತದೆ. ಆದರೂ ಅವು ಬರದಲ್ಲಿಯೂ ಹೆಚ್ಚಾಗಿ ಮೇಲಿನ 30 ಸೆಂಟಿಮೀಟರ್‌ನ ನೀರನ್ನೇ ನೆಚ್ಚಿಕೊಂಡಿದ್ದವು. ಪೊದೆಗಳು ಮಾತ್ರ ಮೇಲ್ಮಣ್ಣು ಒಣಗಿದಾಗ ಆಳದ ನೀರಿಗೆ ಇಳಿದವು.

ಹುಲ್ಲು ಬರ ಬಂದಾಗ ಒಣಗಿ ಮಲಗಿ, ಮಳೆ ಬಂದಾಗ ಏಳುತ್ತದೆ. ಮರಕ್ಕೆ ಹಾಗೆ ಮಲಗಲು ಬರುವುದಿಲ್ಲ. ಅದಕ್ಕೆ ಎರಡು ಅಂತಸ್ತಿನ ವ್ಯವಸ್ಥೆ ಬೇಕು: ಮಳೆ ಬಿದ್ದಾಗ ಹೀರಲು ಮೇಲೆ ಹರಡಿದ ಬೇರು, ಮಳೆ ಇಲ್ಲದಾಗ ಕೆಳಗಿನ ಬೇರು. ಕೆಲವು ಮರ–ಪೊದೆಗಳಲ್ಲಿ ರಾತ್ರಿ ಇನ್ನೊಂದು ಕೆಲಸವೂ ನಡೆಯುತ್ತದೆ. ಆಳದ ಬೇರು ಹೀರಿದ ನೀರು ಮೇಲಿನ ಬೇರುಗಳ ಮೂಲಕ ಒಣ ಮೇಲ್ಮಣ್ಣಿಗೆ ಜಿನುಗುತ್ತದೆ. ಬೆಳಗಾದರೆ ಮರ ಅದನ್ನೇ ಮತ್ತೆ ಕುಡಿಯುತ್ತದೆ. ಒಂದಿಷ್ಟನ್ನು ಪಕ್ಕದ ಹುಲ್ಲೂ ಕುಡಿಯುತ್ತದೆ. ಮರ–ಹುಲ್ಲಿನ ಸಂಬಂಧ ಬರೀ ಜಗಳದ್ದಲ್ಲ ಎನ್ನುವುದಕ್ಕೆ ಇದು ಒಂದು ಗುರುತು.

ಈ ವ್ಯವಸ್ಥೆಯ ದುರ್ಬಲ ಕೊಂಡಿ ಒಂದಿದೆ. ಆಳದ ನೀರು ಸಹ ಹಳೆಯ ಮಳೆಯೇ. ಒಂದು ವರ್ಷದ ಬರದಲ್ಲಿ ಅದು ಕೈಹಿಡಿಯುತ್ತದೆ. ಸಾಲಾಗಿ ನಾಲ್ಕೈದು ವರ್ಷ ಆಳಕ್ಕೆ ನೀರು ಇಳಿಯದೇ ಹೋದರೆ ಆ ಉಳಿತಾಯ ಖಾಲಿ. ಮರಗಳು ದಟ್ಟವಾದಷ್ಟೂ ಖಾಲಿಯಾಗುವುದು ಬೇಗ.

ಒಗ್ಗಿಕೊಂಡವೋ, ಸೋಸಿ ಉಳಿದವೋ

ಸುದ್ದಿಗಳಲ್ಲಿ "ಮರಗಳು ಬರಕ್ಕೆ ಹೊಂದಿಕೊಳ್ಳುತ್ತಿವೆ" ಎಂಬ ಸಾಲು ಪದೇ ಪದೇ ಬರುತ್ತದೆ. ಆ ಒಂದು ಸಾಲಿನೊಳಗೆ ಮೂರು ಬೇರೆ ಸಂಗತಿಗಳು ಅಡಗಿವೆ.

ಜೂನಿಪರ್, ಜಾಲಿ, ಮೆಸ್ಕೀಟ್‌ಗಳು ಹುಲ್ಲುಗಾವಲಿಗೆ ಬಂದು ಬರ ತಾಳುವುದನ್ನು ಕಲಿತದ್ದಲ್ಲ. ಆ ಗುಣ ಇದ್ದದ್ದರಿಂದಲೇ ಅವು ಅಲ್ಲಿ ನಿಂತವು. ಬೀಜ ನೂರು ಜಾತಿಯದ್ದು ಬಿದ್ದಿರಬಹುದು, ಜರಡಿ ಹಿಡಿದು ಉಳಿದದ್ದು ಇವು. ಇದು ಹೊಂದಾಣಿಕೆ ಅಲ್ಲ, ಸೋಸುವಿಕೆ.

ಎರಡನೆಯದು ಒಂದೇ ಜಾತಿಯ ಮರ ಜಾಗಕ್ಕೆ ತಕ್ಕಂತೆ ಮೈ ಬದಲಿಸುವುದು. ಇದು ನಿಜವಾಗಿಯೂ ನಡೆಯುತ್ತದೆ, ಆದರೆ ನಾವು ಅಂದುಕೊಂಡ ಕಡೆ ಅಲ್ಲ. ಯುರೋಪಿನ ಬೇರೆ ಬೇರೆ ಹವಾಮಾನದಲ್ಲಿ ಬೆಳೆಯುವ ಸ್ಕಾಟ್ಸ್ ಪೈನ್ ಮರಗಳನ್ನು ಹೋಲಿಸಿದಾಗ, ಒಣ ಜಾಗದ ಮರಗಳ ಕೊಳವೆಗಳು ಅಷ್ಟೇನೂ ಗಟ್ಟಿಯಾಗಿರಲಿಲ್ಲ. ಬದಲಾದದ್ದು ಎಲೆಯ ಲೆಕ್ಕ. ನೀರು ಸಾಗಿಸುವ ಮರದ ದಪ್ಪಕ್ಕೆ ಹೋಲಿಸಿದರೆ ಅವು ಕಡಿಮೆ ಎಲೆ ಇಟ್ಟುಕೊಂಡಿದ್ದವು. ಹಾಸಿಗೆ ಇದ್ದಷ್ಟೇ ಕಾಲು ಚಾಚಿದ್ದವು.

ಮೂರನೆಯದು ತಲೆಮಾರುಗಳಲ್ಲಿ ನಡೆಯುವ ವಿಕಾಸ. ಇಲ್ಲಿ ಸುದ್ದಿ ಅಷ್ಟು ಸಿಹಿ ಅಲ್ಲ. ಕಡಲ ತೀರದ ಪೈನ್ ಎಂದು ಕರೆಯುವ ಜಾತಿಯನ್ನು ಹಲವು ಮೂಲಗಳಿಂದ ತಂದು ಒಂದೇ ತೋಟದಲ್ಲಿ ಬೆಳೆಸಿ ನೋಡಿದರು. ಎಲ್ಲಿಂದ ತಂದರೂ ಅವುಗಳ ಕೊಳವೆಗಳು ಗಾಳಿ ತಡೆಯುವ ಶಕ್ತಿ ಹೆಚ್ಚುಕಡಿಮೆ ಒಂದೇ ಆಗಿತ್ತು. ವಿಕಾಸಕ್ಕೆ ಆರಿಸಿಕೊಳ್ಳಲು ವ್ಯತ್ಯಾಸ ಬೇಕು. ವ್ಯತ್ಯಾಸವೇ ಕಡಿಮೆ ಇದ್ದರೆ ಆರಿಸುವುದು ಏನನ್ನು? ಮೇಲಾಗಿ ಮರದ ತಲೆಮಾರು ದಶಕಗಳ ಲೆಕ್ಕದ್ದು. ಹವಾಮಾನ ಅದಕ್ಕಿಂತ ವೇಗವಾಗಿ ಬದಲಾಗುತ್ತಿದೆ.

ಹೀಗಾಗಿ ಎಲೆ ಕಡಿಮೆ ಮಾಡಿಕೊಳ್ಳುವ ಎರಡನೆಯ ದಾರಿಯೇ ಮುಖ್ಯವಾಗುತ್ತದೆ. ಅದರಲ್ಲೊಂದು ಅಪಾಯ ಇದೆ. ಸಾಲಾಗಿ ಒಳ್ಳೆಯ ಮಳೆ ಬಂದ ವರ್ಷಗಳಲ್ಲಿ ಬೆಳೆದ ಮರ ಆ ಮಳೆಗೆ ತಕ್ಕಂತೆ ಕೊಂಬೆ, ಎಲೆ ಹರಡಿಕೊಳ್ಳುತ್ತದೆ. ಬರ ಬಂದಾಗ ಅಷ್ಟು ದೊಡ್ಡ ಸಂಸಾರ ಸಾಕಲು ಆಗುವುದಿಲ್ಲ. ಜಗತ್ತಿನ 81 ಜಾಗಗಳ 226 ಕಾಡುಮರ ಜಾತಿಗಳನ್ನು ನೋಡಿದ 2012ರ ಒಂದು ಅಧ್ಯಯನದ ಪ್ರಕಾರ, ಶೇ. 70ರಷ್ಟು ಜಾತಿಗಳು ತಮ್ಮ ಕೊಳವೆಗಳು ಕೈಕೊಡುವ ಹಂತದ ತೀರಾ ಹತ್ತಿರವೇ ಬದುಕುತ್ತಿವೆ. ಆಶ್ಚರ್ಯ ಎಂದರೆ ಮಳೆಕಾಡಿನ ಮರಕ್ಕೂ ಒಣಕಾಡಿನ ಮರಕ್ಕೂ ಈ ವಿಷಯದಲ್ಲಿ ದೊಡ್ಡ ಅಂತರ ಇರಲಿಲ್ಲ. ಒಣ ನಾಡಿನ ಮರ ಗಟ್ಟಿ, ನಿಜ. ಆದರೆ ತನ್ನ ಗಟ್ಟಿತನವನ್ನು ಅದು ಪೂರ್ತಿ ಬಳಸಿಕೊಂಡೇ ನಿಂತಿದೆ. ಕೈಯಲ್ಲಿ ಮಿಗತೆ ಇಲ್ಲ.

ಟೆಕ್ಸಸ್ ಒಗಟು ಬಿಡುವುದು ಇಲ್ಲಿ. ಬೆಂಕಿ ಇಲ್ಲದ ದಶಕಗಳು ಮರವನ್ನು ಒಳಗೆ ಬಿಟ್ಟವು, ಮಳೆ ಇದ್ದ ವರ್ಷಗಳು ಬೆಳೆಸಿದವು, 2011 ಲೆಕ್ಕ ಕೇಳಿತು. ಬರಕ್ಕೆ ಹೆಸರಾದ ಜೂನಿಪರ್ ಕೂಡ ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ಸತ್ತಿತು.

ಹಸಿರಾದರೆ ಒಳ್ಳೆಯದೇ ತಾನೆ?

ಮರ ಬಂದರೆ ಇಂಗಾಲ ಹೀರುತ್ತದೆ, ಬರಲಿ ಬಿಡಿ ಎಂಬುದು ಒಂದು ವಾದ. 2019ರಲ್ಲಿ ಬಂದ ಒಂದು ಅಧ್ಯಯನ ಜಗತ್ತಿನಲ್ಲಿ ಇನ್ನೂ 90 ಕೋಟಿ ಹೆಕ್ಟೇರ್‌ನಷ್ಟು ಮರದ ಹೊದಿಕೆಗೆ ಜಾಗ ಇದೆ, ಅದು 205 ಗಿಗಾಟನ್ ಇಂಗಾಲ ಹಿಡಿಯಬಹುದು ಎಂದಿತು. ಹುಲ್ಲುಗಾವಲು ತಜ್ಞರು ಮುಗಿಬಿದ್ದರು. ಆ ಲೆಕ್ಕ ಸುಮಾರು ಐದು ಪಟ್ಟು ಉಬ್ಬಿದೆ, ಸಹಜ ಹುಲ್ಲುಗಾವಲನ್ನೂ ಖಾಲಿ ಜಾಗ ಎಂದು ಎಣಿಸಲಾಗಿದೆ ಎಂಬುದು ಅವರ ಆಕ್ಷೇಪ. ಲೇಖಕರು ಮುಂದಿನ ವರ್ಷ ಕೆಲವು ಮಾತುಗಳನ್ನು ತಿದ್ದಿದರು. ಜಗಳ ಅಲ್ಲಿಗೆ ನಿಲ್ಲಲಿಲ್ಲ. 2030ರೊಳಗೆ ಆಫ್ರಿಕಾದ 10 ಕೋಟಿ ಹೆಕ್ಟೇರ್ ಭೂಮಿಯನ್ನು ಪುನಶ್ಚೇತನಗೊಳಿಸುವ ಯೋಜನೆಯ ಮೇಲೂ ಇದೇ ಪ್ರಶ್ನೆ ಇದೆ. ಎಂದೂ ಕಾಡಾಗಿರದ ಜಾಗದಲ್ಲಿ ಕಾಡನ್ನು ಮರಳಿ ತರುವುದು ಎಂದರೇನು?

ಇಲ್ಲಿ ಹುಲ್ಲುಗಾವಲು ತಜ್ಞರ ಮಾತಿಗೆ ತೂಕ ಜಾಸ್ತಿ ಎನ್ನಬೇಕು. ಕಾರಣ ಮಣ್ಣಿನಲ್ಲಿದೆ. ಹುಲ್ಲು ತನ್ನ ಇಂಗಾಲದ ಹೆಚ್ಚಿನ ಪಾಲನ್ನು ನೆಲದ ಕೆಳಗೆ ಇಡುತ್ತದೆ, ಬೆಂಕಿಗೂ ಬರಕ್ಕೂ ಅದು ಸುಲಭವಾಗಿ ಸಿಗುವುದಿಲ್ಲ. ಮರ ಹಬ್ಬಿದ ಹುಲ್ಲುಗಾವಲುಗಳನ್ನು ಹೋಲಿಸಿದ 2002ರ ಅಧ್ಯಯನವೊಂದರಲ್ಲಿ, ಒಣ ಜಾಗಗಳ ಮಣ್ಣು ಇಂಗಾಲ ಗಳಿಸಿತ್ತು, ಮಳೆ ಜಾಸ್ತಿ ಇರುವ ಜಾಗಗಳ ಮಣ್ಣು ಕಳೆದುಕೊಂಡಿತ್ತು. ಒಣ ಜಾಗದಲ್ಲಿ ಲಾಭ ಇದೆ, ಸರಿ. ಆದರೆ ಮರ ಬರಕ್ಕೆ ಬೀಳುವ ಅಪಾಯವೂ ಅಲ್ಲೇ ಹೆಚ್ಚು.

ನೀರಿನ ಲೆಕ್ಕ ಇನ್ನೂ ನೇರ. ಬರವನ್ನು ತಾಳುವ ಮರ ಎಂದರೆ ಕಡಿಮೆ ನೀರು ಕುಡಿಯುವ ಮರ ಎಂದಲ್ಲ. ಹುಲ್ಲು ಮಲಗಿದ ಮೇಲೂ, ಹುಲ್ಲಿಗೆ ಎಟುಕದ ಆಳದಿಂದಲೂ ಅದು ಕುಡಿಯುತ್ತಲೇ ಇರುತ್ತದೆ. ಕಾನ್ಜಾದಲ್ಲಿ ಮಳೆ ಕಡಿಮೆಯಾಗದಿದ್ದರೂ ಹಳ್ಳದ ಹರಿವು ಇಳಿದಿದೆ. ದಕ್ಷಿಣ ಆಫ್ರಿಕಾ 1995ರಿಂದ ಹೊರಗಿನಿಂದ ಬಂದ ಮರಗಳನ್ನು ಸರ್ಕಾರದ ಹಣದಲ್ಲೇ ಕಡಿಸುತ್ತಿದೆ. ಆ ಯೋಜನೆಯ ಹೆಸರು ವರ್ಕಿಂಗ್ ಫಾರ್ ವಾಟರ್. ಮರ ಕಡಿಯುವ ಯೋಜನೆಗೆ ನೀರಿನ ಹೆಸರು ಇಟ್ಟಿರುವುದೇ ಎಷ್ಟೋ ಹೇಳುತ್ತದೆ.

ಮುಂದಿನ ಬರಕ್ಕೆ

ಬಿಸಿ ಏರಿದಷ್ಟೂ ಗಾಳಿ ಎಲೆಯಿಂದ ಹೀರುವ ನೀರು ಜಾಸ್ತಿ. ಮಳೆ ಅಷ್ಟೇ ಇದ್ದರೂ ಬರ ಮೊದಲಿಗಿಂತ ಕಠಿಣವಾಗುತ್ತದೆ. ದೊಡ್ಡ ಮರಗಳ ಸಾವು ಕಣ್ಣಿಗೆ ಬೀಳುತ್ತದೆ. ಆದರೆ ಮರದ ಗಡಿಯನ್ನು ನಿರ್ಧರಿಸುವುದು ಸಸಿಗಳು. ಮೊದಲ ಎರಡು ಮೂರು ವರ್ಷ ಸಸಿಯ ಬೇರು ಹುಲ್ಲಿನ ಬೇರಿನ ಪದರದಲ್ಲೇ ಇರುತ್ತದೆ. ಅಲ್ಲಿ ಹುಲ್ಲೇ ಬಲಶಾಲಿ. ಸಾಲಾಗಿ ಒಂದೆರಡು ಒಳ್ಳೆಯ ಮಳೆಗಾಲ ಸಿಕ್ಕರೆ ಸಸಿ ಆ ಪದರ ದಾಟಿ ಇಳಿಯುತ್ತದೆ. ಇಲ್ಲದಿದ್ದರೆ ಇಲ್ಲ. ಹಾಗಾಗಿ ಒಣ ಅಂಚಿನಲ್ಲಿ ಮರ ವರ್ಷ ವರ್ಷ ಒಂದೇ ಹದದಲ್ಲಿ ಹಬ್ಬುವುದಿಲ್ಲ, ಅಲೆ ಅಲೆಯಾಗಿ ಹಬ್ಬುತ್ತದೆ, ಅಲೆ ಅಲೆಯಾಗಿ ಸಾಯುತ್ತದೆ.

ಸತ್ತ ಮೇಲೆ ಹುಲ್ಲು ತಾನಾಗಿ ಮರಳುತ್ತದೆಯೇ? ಪೊದೆ ಒಮ್ಮೆ ಬೇರೂರಿದ ಮೇಲೆ ಬೆಂಕಿಯನ್ನು ಮತ್ತೆ ತಂದರೂ ಹಳೆಯ ಹುಲ್ಲುಗಾವಲು ಮರಳುವುದು ಕಷ್ಟ ಎಂಬುದು ಕಾನ್ಜಾದ ಅನುಭವ. ಪೊದೆಯ ನೆರಳಲ್ಲಿ ಹುಲ್ಲಿಲ್ಲ, ಹುಲ್ಲಿಲ್ಲದೆ ಬೆಂಕಿಗೆ ಉರುವಲಿಲ್ಲ. ಮೆಸ್ಕೀಟ್, ಬಳ್ಳಾರಿ ಜಾಲಿಗಳನ್ನು ಸುಟ್ಟರೂ ಕಡಿದರೂ ಬುಡದಿಂದ ಚಿಗುರುತ್ತವೆ. ಕೆಂಪು ಸೀಡರ್‌ಗೆ ಆ ವರ ಇಲ್ಲ. ಆದರೆ ಅದು ದಟ್ಟವಾಗಿ ಬೆಳೆದ ಮೇಲೆ ಸಾಮಾನ್ಯ ಹುಲ್ಲಿನ ಬೆಂಕಿ ಅದನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಆ ಬೆಂಕಿಯನ್ನು ಹಿಡಿಯಲಾಗುವುದಿಲ್ಲ. 2016ರ ಮಾರ್ಚ್‌ನಲ್ಲಿ ಕಾನ್ಸಸ್–ಒಕ್ಲಹೋಮ ಗಡಿಯಲ್ಲಿ ಎದ್ದ ಬೆಂಕಿ 3.5 ಲಕ್ಷ ಎಕರೆಗೂ ಜಾಸ್ತಿ ಸುಟ್ಟಿತು. ಸೀಡರ್ ತುಂಬಿದ ಗುಡ್ಡಗಳೂ ಅದರಲ್ಲಿ ಸೇರಿದ್ದವು. ಕರಿ ನೆಲದ ಮೇಲೆ ಆ ವಸಂತದಲ್ಲೇ ಹುಲ್ಲು ಚಿಗುರಿತು. ಸುಡದೆ ಉಳಿದ ಮರಗಳ ಕಾಯಿ ತಿಂದ ಹಕ್ಕಿಗಳು ಈಗಲೂ ಅದೇ ಬೇಲಿಗಳ ಮೇಲೆ ಬಂದು ಕೂರುತ್ತವೆ.